ಬದುಕುಳಿದವರ ಲೆಕ್ಕಿಗ

ಹಳಿಯಾಳದ ರುದ್ರೇಶ ಮನೆಯಲ್ಲೇ ಕುಳಿತು ಔಷಧ ಪ್ರಯೋಗಗಳ ಲೆಕ್ಕ ಮಾಡುವವನು; ಹೊಸ ಔಷಧ ಪಡೆದ ರೋಗಿಗಳು ಎಷ್ಟು ಕಾಲ ಬದುಕುತ್ತಾರೆ ಎಂಬುದನ್ನು ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗೆರೆ ಎಳೆದು ತೋರಿಸುವುದೇ ಅವನ ಉದ್ಯೋಗ. ಲುಂಗಿಯ ಮೇಲೆ ಇಸ್ತ್ರಿ ಅಂಗಿ ತೊಟ್ಟು ಮೀಟಿಂಗಿಗೆ ಕೂರುತ್ತಾನೆ. ಕಬ್ಬಿನ ಲಾರಿ ಹಾರ್ನ್ ಹೊಡೆದರೆ ಮೈಕಿಗೆ ಅಂಗೈ ಅಡ್ಡ ಹಿಡಿಯುತ್ತಾನೆ. ಪಾಳಾ ಊರಿನ ಸೋದರಮಾವ ಊಟ ಮುಗಿಸಿ ಎದ್ದರೆ, "ಮತ್ತ ಯಾವಾಗ ಬರ್ತೀರಿ ಹೇಳೇ ಹೋಗ್ರಿ ಮಾವಾ, ಪ್ರಯೋಗದಾಗ ನಡುವ ಬಿಟ್ಟು ಹೋದವರ ಲೆಕ್ಕ ಹಿಡಿಯೂದು ಭಾಳ ಕಷ್ಟ" ಎನ್ನುತ್ತಾನೆ. ಹೆಂಡತಿ ಶಿವಗಂಗಾ ಸಾರಿಗೆ ಉಪ್ಪು ಹಾಕಿದ್ದನ್ನೂ ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಅಂಥವನು ಮೊನ್ನೆ ವರದಿ ಕಳಿಸುವ ಮುನ್ನ ಪರದೆ ನೋಡಿ ಬೆವತುಹೋದ. ಔಷಧ ಪಡೆದವರ ಗೆರೆಯೇ, ಬಹುತೇಕ ಎಲ್ಲರೂ ಸತ್ತಂತೆ, ಪಾತಾಳಕ್ಕೆ ಇಳಿದಿತ್ತು. ಬಂದ ಮಾಹಿತಿಯಲ್ಲಿ ಸತ್ತವರ ಗುರುತು ಸೊನ್ನೆ, ಬದುಕಿದ್ದವರದು ಒಂದು; ಆರ್‌ಗೆ ಒಂದು ಎಂದರೆ ಸಾವು. ಅದನ್ನು ತಿರುಗಿಸಲು ಅವನು ಮರೆತಿದ್ದ. ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಬದುಕಿದವರನ್ನೆಲ್ಲಾ ಸಾಯಿಸಿಬಿಟ್ಟಿದ್ನಲ್ಲ," ಎಂದ. "ಮತ್ತ ಸತ್ತವರು?" ಎಂದಳು ಶಿವಗಂಗಾ. "ಅವರು ಬದುಕ್ಯಾರ." ತಿದ್ದಬೇಕಾದದ್ದು ಒಂದೇ ಸಾಲು. ಆದರೆ ಮರಳಿ ಬಂದು ಕುಳಿತು ಗುಂಡಿಯ ಮೇಲೆ ಬೆರಳಿಟ್ಟವನಿಗೆ ಒತ್ತಲಾಗಲಿಲ್ಲ; ತಪ್ಪಿನಿಂದಾದರೂ ಬದುಕಿಕೊಂಡಿದ್ದವರನ್ನು ಕೈಯಾರೆ ಮತ್ತೆ ಸಾಯಿಸಬೇಕಲ್ಲ ಎಂದು ಬೆರಳು ಹಿಂದಕ್ಕೆ ತೆಗೆದ. ಶಿವಗಂಗಾ ಹಿಂದೆ ಬಂದು ನಿಂತಳು. "ಒತ್ರಿ. ಜೀವಂತ ಇದ್ದವರನ್ನ ಎಷ್ಟೊತ್ತು ಸತ್ತವರಂಗ ಇಡ್ತೀರಿ," ಎಂದಳು. ಅವನು ಒತ್ತಿದ. ಗೆರೆ ಮೇಲಕ್ಕೆದ್ದಿತು; ಅವನ ತಲೆ ಮಾತ್ರ ಬಹಳ ಹೊತ್ತು ಮೇಲೇಳಲಿಲ್ಲ.