ಗೋಡೆಗೆ ಮುಖ ಮಾಡಿ ನಿಂತವರು

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದೊಂದು ಮೋಟಾರು ರಿಪೇರಿ ಅಂಗಡಿ ಇದೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ಕೆಲಸ. ಸುತ್ತಿದ ಮೇಲೆ ವಾರ್ನಿಶ್ ಹಾಕಿ ಒಣಗಲು ಬಿಡಬೇಕು. ಆ ಹೊತ್ತಿನಲ್ಲಿ ನಾನು ಫೋನಿನಲ್ಲಿ ಸಿನಿಮಾ ನೋಡುತ್ತೇನೆ. ಎಲ್ಲ ಸಿನಿಮಾ ಅಲ್ಲ, ಕೆಟ್ಟ ಕನಸಿನಂಥವು. ದೆವ್ವದ ಸಿನಿಮಾ ಬೇರೆ. ಅದರಲ್ಲಿ ದೆವ್ವ ಯಾಕೆ ಬಂತು, ಹೇಗೆ ಹೋಯಿತು ಎಂಬುದಕ್ಕೆ ಉತ್ತರ ಇರುತ್ತದೆ. ನನಗೆ ಇಷ್ಟವಾಗುವ ಸಿನಿಮಾಗಳಲ್ಲಿ ಒಬ್ಬಳು ತನ್ನದೇ ಮನೆಯ ಮೆಟ್ಟಿಲು ಇಳಿಯುತ್ತಾಳೆ, ಎಷ್ಟು ಇಳಿದರೂ ಮುಗಿಯುವುದಿಲ್ಲ. ಯಾಕೆ ಎಂದು ಯಾರೂ ಹೇಳುವುದಿಲ್ಲ.

"ಹಗಲೊತ್ತು ಎಚ್ಚರ ಇದ್ದು ಕೆಟ್ಟ ಕನಸು ಕಾಣೋರು ನೀವೊಬ್ರೇ ನೋಡ್ರಿ," ಎಂದು ನನ್ನ ಹೆಂಡತಿ ನಗುತ್ತಾಳೆ. ಈ ರುಚಿ ಹೇಗೆ ಹತ್ತಿತೋ ನನಗೂ ಗೊತ್ತಿಲ್ಲ. ಇದರಿಂದ ಯಾರಿಗಾದರೂ ಉಪಯೋಗವಾದೀತು ಎಂದು ಮಾತ್ರ ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ನನ್ನ ಅಕ್ಕ ಹೂವಿನಹಡಗಲಿಯಲ್ಲಿದ್ದಾಳೆ. ಅವಳೂ ಅವಳ ಗಂಡನೂ ತೋಟದವರಿಂದ ಮಲ್ಲಿಗೆ ಮೊಗ್ಗು ಕೊಂಡು ಬೇರೆ ಊರುಗಳಿಗೆ ಕಳಿಸುವ ವ್ಯಾಪಾರ ಮಾಡುತ್ತಾರೆ. ಅಕ್ಕನ ಗಂಡನನ್ನು ನಾನು ಮಾವ ಎನ್ನುತ್ತೇನೆ. ಮಾವ ಮಾತು ಕಡಿಮೆಯ ಮನುಷ್ಯ. ಮಾತೆಲ್ಲ ಅಕ್ಕನದೇ. ಬೆಳಗಿನ ಬಸ್ಸಿಗೆ ಹೂವಿನ ಬುಟ್ಟಿ ಏರಿಸುವಾಗ ಅವಳ ದನಿ ಕೇಳಿದರೆ ಕಂಡಕ್ಟರೇ ಇಳಿದು ಬಂದು ಕೈ ಜೋಡಿಸುತ್ತಿದ್ದ.

ಹೋದ ಮಳೆಗಾಲದಲ್ಲಿ ಅವಳಿಗೆ ಡೆಂಗೆ ಜ್ವರ ಬಂತು. ವಿಪರೀತಕ್ಕೆ ಹೋಗಿ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಐಸಿಯುನಲ್ಲಿ ಉಸಿರಾಟಕ್ಕೆ ಕೊಳವೆ ಹಾಕಿದ್ದರು. ಡಾಕ್ಟರು, ನರ್ಸುಗಳು ಚೆನ್ನಾಗಿ ನೋಡಿಕೊಂಡರು, ಅಕ್ಕ ಬದುಕಿ ಬಂದಳು. ಊರಿನವರು ಬಂದು ಮಾತಾಡಿಸಿ ಹೋದರು. ನಾವೆಲ್ಲ ಒಂದು ಗಂಡಾಂತರ ಕಳೆಯಿತು ಎಂದುಕೊಂಡೆವು.

ಆದರೆ ಬಂದವಳು ಮೊದಲಿನ ಅಕ್ಕ ಆಗಿರಲಿಲ್ಲ. ಕೋಣೆಯ ಬಾಗಿಲು ಮುಚ್ಚಿದರೆ ಚೀರುತ್ತಿದ್ದಳು. ಕಿಟಕಿಯ ಪರದೆ ಸರಿಸಿದ ಸದ್ದಿಗೆ ಬೆಚ್ಚುತ್ತಿದ್ದಳು. ಒಂದು ಸಲ ಏನೋ ಹೇಳಲು ಹೊರಟಳು: ತನ್ನ ಕೈಗಳನ್ನು ಯಾರೋ ತೆಗೆದು ಗೋಡೆಗೆ ನೇತುಹಾಕಿದ್ದರಂತೆ, ಮಂಚದ ಕೆಳಗೆ ಸಂತೆ ನಡೆದಿತ್ತಂತೆ. ಅವಳ ಅತ್ತೆ ಗಾಬರಿಯಾಗಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಡಾಕ್ಟರು, "ಐಸಿಯುನಾಗ ಇದ್ದೋರಿಗೆ ಹಿಂಗ ಆಗ್ತೈತಮ್ಮ, ಬರಬರ್ತಾ ಮರೀತೀರಿ," ಎಂದರು. ಮಾವ, "ಅದೆಲ್ಲ ಕನಸು, ಮನಸಿಗೆ ಹಚ್ಕೋಬ್ಯಾಡ," ಎಂದ. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳಿದ್ದು. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಮಾವನ ಜೊತೆಗಂತೂ ಊಟಕ್ಕೆ ಬಡಿಸುವಷ್ಟೇ ಮಾತು.

ಸ್ವಲ್ಪ ದಿನ ಬೇರೆ ಕಡೆ ಇರಲಿ ಎಂದು ಅವಳನ್ನು ಕೊಟ್ಟೂರಿಗೆ ಕರೆತಂದೆ. ಒಂದು ಮಧ್ಯಾಹ್ನ ಅವಳೇ ನನಗೆ ಬುತ್ತಿ ಹಿಡಿದುಕೊಂಡು ಅಂಗಡಿಗೆ ಬಂದಳು. ಮೇಜಿನ ಮೇಲೆ ಫೋನು ಆನಿಸಿಟ್ಟು ನಾನು ಸಿನಿಮಾದಲ್ಲಿ ಮುಳುಗಿದ್ದೆ. ಯಾವುದೋ ದೂರದ ದೇಶದ ಸಿನಿಮಾ. ಒಬ್ಬ ಹೆಂಗಸು ದೊಡ್ಡ ಕಟ್ಟಡದಲ್ಲಿ ದಾರಿ ತಪ್ಪಿದ್ದಾಳೆ. ಪರದೆ ಸರಿಸಿದರೆ ಇನ್ನೊಂದು ಪರದೆ. ಅಲ್ಲಲ್ಲಿ ಜನ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಆಕೆ ದಾರಿ ಕೇಳುತ್ತಾಳೆ, ಯಾರೂ ತಿರುಗುವುದಿಲ್ಲ.

ಅಕ್ಕ ಬೆನ್ನ ಹಿಂದೆ ನಿಂತಿದ್ದು ನೋಡಿ ತಟ್ಟನೆ ಫೋನು ಬೋರಲು ಹಾಕಿದೆ.

"ಇರ್ಲಿ, ಹಚ್ಚು," ಎಂದಳು.

"ಬ್ಯಾಡ ಅಕ್ಕ, ನಿನಗ ಆಗಿಬರಂಗಿಲ್ಲ ಇದು."

"ಹಚ್ಚಂದ್ರ ಹಚ್ಚು."

ಸ್ಟೂಲು ಎಳೆದುಕೊಂಡು ಕುಳಿತಳು. ಭಾಷೆ ತಿಳಿಯುತ್ತಿರಲಿಲ್ಲ, ಚಿತ್ರದ ಕೆಳಗೆ ಬರುವ ಅಕ್ಷರವೂ ಅವಳಿಗೆ ಬೇಡವಾಗಿತ್ತು. ನಾನು ಸಿನಿಮಾ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಹೆದರಿಕೆ ಇರಲಿಲ್ಲ. ದೂರದ ಊರಲ್ಲಿ ನಮ್ಮ ಕಡೆಯವರು ಸಿಕ್ಕರೆ ಹೇಗೆ ನೋಡುತ್ತೇವೋ ಹಾಗೆ ನೋಡುತ್ತಿದ್ದಳು.

"ಇದನ್ನ ಮಾಡಿದೋರು ಅಲ್ಲಿಗೆ ಹೋಗಿ ಬಂದಾರ, ತಮ್ಮಾ," ಎಂದಳು. "ಇಲ್ಲಂದ್ರ ಅವರಿಗೆ ಹೆಂಗ ಗೊತ್ತಾತು?"

ಕಣ್ಣಿಂದ ನೀರು ಇಳಿಯುತ್ತಿತ್ತು. ನಿಲ್ಲಿಸಲೇ ಎಂದು ಕೇಳಿದರೆ ಬೇಡವೆಂದಳು. ಕೊನೆಯಲ್ಲಿ ಆ ಹೆಂಗಸು ಹೇಗೋ ಮನೆ ಸೇರುತ್ತಾಳೆ. ಬಾಗಿಲು ತೆಗೆದರೆ ಒಳಗೆ ಅದೇ ಪರದೆ. ಸಿನಿಮಾ ಅಲ್ಲಿಗೇ ಮುಗಿಯುತ್ತದೆ.

"ಹಿಂಗ ನೋಡು," ಎಂದಳು ಅಕ್ಕ. "ಮನಿಗೆ ಬಂದೇನಿ ಅಂತ ನೀವೆಲ್ಲಾ ಅಂತೀರಿ. ಖರೇ ಬಂದೇನೋ ಇಲ್ಲೋ ನನಗ ಗೊತ್ತಾಗವಲ್ದು."

ಆಮೇಲೆ ಎಲ್ಲವನ್ನೂ ಹೇಳಿದಳು. ಬುತ್ತಿ ಹಾಗೇ ಉಳಿಯಿತು. ಮೋಟಾರು ಕೇಳಲು ಬಂದವರನ್ನು ನಾಳೆ ಬರ್ರಿ ಎಂದು ಕಳಿಸಿದೆ. ಗೋಡೆಯ ಮೇಲಿನ ಕೈಗಳು, ಮಂಚದ ಕೆಳಗಿನ ಸಂತೆ, ಬಾಯಿಯೇ ಇಲ್ಲದ ಮುಖಗಳು. ಎಲ್ಲಕ್ಕಿಂತ ಕಷ್ಟಪಟ್ಟು ಹೇಳಿದ್ದು ಕೊನೆಯದು.

"ನಿಮ್ಮ ಮಾವ ಬಂದಿದ್ದ. ಗೋಡಿ ಕಡಿ ಮುಖ ಮಾಡಿ ನಿಂತಿದ್ದ. ಎಷ್ಟು ಕರದೆ ಗೊತ್ತೇನು? ತಿರುಗಲೇ ಇಲ್ಲ. ಅದು ಕನಸು ಅಂತ ನನಗೂ ಗೊತ್ತೈತಿ. ಆದ್ರೂ ಅವನ ಮುಖ ನೋಡಿದ್ರ ಸಿಟ್ಟು ಬರ್ತೈತಿ. ಇದನ್ನ ಯಾರ ಮುಂದ ಹೇಳ್ಲಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಇದನ್ನ ಅವನಿಗೆ ತೋರಸ್ತೀಯೇನು?" ಎಂದಳು.

ಭಾನುವಾರ ಹಡಗಲಿಗೆ ಹೋದೆವು. ಊಟವಾದ ಮೇಲೆ ಅವರ ಟಿವಿಗೇ ಸಿನಿಮಾ ಹಾಕಿದೆ. ಮಾವ ಕನ್ನಡ ಸಿನಿಮಾವನ್ನೇ ಪೂರ್ತಿ ನೋಡುವವನಲ್ಲ. ಎರಡು ಸಲ ಆಕಳಿಸಿದ. "ಏನ್ರಪ್ಪಾ ಇದು, ತಲಿ ಇಲ್ಲ ಬುಡ ಇಲ್ಲ," ಎಂದ. ಜನ ಗೋಡೆಗೆ ಮುಖ ಮಾಡಿ ನಿಂತ ಭಾಗ ಬಂದಾಗ ಅಕ್ಕ ಅವನ ಕಡೆ ತಿರುಗಿ, ಅಂಗಡಿಯಲ್ಲಿ ನನಗೆ ಹೇಳಿದ್ದನ್ನೇ ಹೇಳಿದಳು. ದನಿ ಎತ್ತಲಿಲ್ಲ.

ಮಾವ ಒರಗಿದ್ದವನು ನೆಟ್ಟಗೆ ಕುಳಿತ.

"ಅದು ಕನಸಲ್ಲ," ಎಂದ. "ನಾ ಹಂಗ ನಿಂತಿದ್ದೆ."

ಅಕ್ಕ ಅವನನ್ನೇ ನೋಡಿದಳು.

"ಪೇಷಂಟ್ ಮುಂದ ಅಳಬ್ಯಾಡ್ರಿ ಅಂತ ನರ್ಸು ಹೇಳಿದ್ಲು. ಒಳಗ ಬಂದು ನಿನ್ನ ಮುಖದ ಮ್ಯಾಲೆ ಆ ಪೈಪು ನೋಡಿದ್ನಲ್ಲ, ತಡಕೊಳ್ಳಾಕ ಆಗ್ಲಿಲ್ಲ. ಗೋಡಿ ಕಡಿ ತಿರುಗಿ ನಿಂತೆ. ದಿನಾ ಹಂಗ ಆಗ್ತಿತ್ತು. ನಿನಗ ಎಚ್ಚರ ಐತಿ ಅಂತ ನನಗ ಗೊತ್ತಿರಲಿಲ್ಲ. ಕರದಿದ್ದು ಕೇಳ್ಲಿಲ್ಲ. ಬಾಯಾಗ ಪೈಪಿತ್ತಲ್ಲ, ಹೆಂಗ ಕೇಳಬೇಕು?"

ಇಷ್ಟು ಹೇಳುವುದರಲ್ಲಿ ಅವನು ಅತ್ತೇಬಿಟ್ಟ. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಅಕ್ಕ ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತಳು. "ಅಷ್ಟು ದಿನಾ ಬಂದಿದ್ರೇನು?" ಎಂದು ಮೆಲ್ಲಗೆ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ನಾನು ಟಿವಿ ಆರಿಸಿ, ಎಲೆ ಅಡಿಕೆ ತರುವ ನೆಪದಲ್ಲಿ ಹೊರಗೆ ಹೋದೆ.

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಈಗಲೂ ಒಮ್ಮೊಮ್ಮೆ ಬೆಚ್ಚಿ ಏಳುತ್ತಾಳೆ. ಎದ್ದು ಮಾವನನ್ನು ಎಬ್ಬಿಸಿ ಕಂಡದ್ದನ್ನು ಹೇಳುತ್ತಾಳಂತೆ. ಅವನು ಕನಸು ಬಿಡು ಎನ್ನದೆ ಪೂರ್ತಿ ಕೇಳುತ್ತಾನಂತೆ. ನನಗೂ ಆಗಾಗ ಫೋನು ಮಾಡಿ ಅಂಥ ಸಿನಿಮಾ ಕೇಳುತ್ತಾಳೆ. ನಾನು ಹೊಗಳಿದ ಒಂದನ್ನು, "ಇದು ಬರೇ ಅಂಜಸಾಕ ಮಾಡ್ಯಾರ, ಇದನ್ನ ಮಾಡಿದೋರಿಗೆ ಏನೂ ಗೊತ್ತಿಲ್ಲ," ಎಂದು ಅರ್ಧಕ್ಕೇ ಬಿಟ್ಟಳು. ಮತ್ತೆ ನೋಡಿದಾಗ ನನಗೂ ಹಾಗೇ ಅನ್ನಿಸಿತು.

ಮೊನ್ನೆ ಹಡಗಲಿಗೆ ಹೋಗಿದ್ದೆ. ಮಾಗಳದ ಕಡೆಯಿಂದ ಹೂ ತರುವ ಒಬ್ಬ ಮುದುಕಿ ಜಗಲಿಯ ಮೇಲೆ ಕುಳಿತಿದ್ದಳು. ತನ್ನ ಮಗ ಕಾಯಿಲೆ ಮಲಗಿ ಐಸಿಯುನಿಂದ ಬಂದಿದ್ದಾನೆ, ಗೋಡೆ ನೋಡುತ್ತಾ ಕೂರುತ್ತಾನೆ, ಏನೇನೋ ಅಂತಾನೆ ಎಂದು ಹೇಳುತ್ತಿದ್ದಳು. ಅಕ್ಕ ಹೂ ಅಳೆಯುವುದನ್ನು ನಿಲ್ಲಿಸಿದಳು.

"ಏನೇನು ಕಂಡ್ಯೋ ಅಂತ ಯಾರರ ಕೇಳೀರೇನು ಅವನ್ನ?" ಎಂದಳು.

ಮುದುಕಿ ಇಲ್ಲವೆಂದಳು.

"ನಾ ಬರ್ತೀನಿ ತಡಿ," ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡಳು.