ನಿಂತಲ್ಲಿ ಚೆನ್ನಾಗಿಯೇ ಇದ್ದ ಮೋಟಾರ್ ಸೈಕಲ್

1956ರಲ್ಲಿ ನಾವು ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿದ್ದೆವು. ನಮ್ಮ ಯಜಮಾನರು ಅಲ್ಲಿನ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ಹಳೆಯ ಮೋಟಾರ್ ಸೈಕಲ್ ಕೊಂಡಿದ್ದರು. ಅದನ್ನು ಒರೆಸಿದಷ್ಟು ಪ್ರೀತಿಯಿಂದ ನನ್ನನ್ನು ಮಾತಾಡಿಸಿದ್ದರೆ ಎಷ್ಟೋ ಆಗುತ್ತಿತ್ತು! ಮದುವೆಯಾಗಿ ಬಹಳ ವರ್ಷಗಳ ಮೇಲೆ ನಾನು ಬಸುರಾಗಿದ್ದೆ. ಐದನೇ ತಿಂಗಳಲ್ಲಿ ಬಳೆ ತೊಡಿಸಲು ಕುನ್ನತ್ತೂರಿನ ತವರಿನಿಂದ ಕರೆ ಬಂತು. ಬಸ್ಸಿನಲ್ಲಿ ಹೋಗೋಣವೆಂದರೆ ಇವರಿಗೆ ಅವಮಾನವಂತೆ.

ಹಿಂದೆ ಕೂತವಳಿಗೆ ಬಂಡಿಯ ಗುಣ ಗೊತ್ತಾಗುತ್ತದೆ. ನಿಧಾನವಾಗಿ ಹೋದರೆ ತಕರಾರಿಲ್ಲ. ಕೈಹಿಡಿಯ ತ್ರಾಟಲನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಿದರೆ ಸಾಕು, ವೇಗ ಏರುವ ಬದಲು ಕೆಮ್ಮಿ ಸೋತು ಹೋಗುತ್ತಿತ್ತು. "ರೀ, ಪೂರಾ ತಿರುಗಿಸಿದ್ರೆ ವಂಡಿ ಎಳೆಯೋದೇ ಇಲ್ಲ, ಯಾರಿಗಾದ್ರೂ ತೋರಿಸಿ" ಎಂದು ಬಾಯಿ ನೋಯುವಷ್ಟು ಹೇಳಿದೆ.

ಕೊನೆಗೆ ಅವರ ಮೆಕ್ಯಾನಿಕ್ ಮನೆಗೇ ಬಂದ. ಸ್ಟ್ಯಾಂಡ್ ಹಾಕಿ, ಎಂಜಿನ್ ಶುರುಮಾಡಿ, ನಾನು ಕೊಟ್ಟ ಕಾಫಿ ಲೋಟವನ್ನೇ ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟ. ಕಾಫಿ ತುಳುಕಲಿಲ್ಲ; ಕಾರ್ಬ್ಯುರೇಟರ್ ಸರಿಯಿದೆ ಎಂದು ತೀರ್ಪಾಯಿತು!

"ನಿಂತಾಗ ಸರಿನೇ ಇದೆಯಪ್ಪಾ, ಓಡಿಸಿ ನೋಡು" ಎಂದೆ.

"ಅಮ್ಮಾ, ನೀಂಗ ಸಮೈಯಲ್ ಪಾರುಂಗ" ಎಂದ. ನಾನು ಅಡುಗೆ ನೋಡಿಕೊಳ್ಳಬೇಕಂತೆ! ಇವರೂ ನಕ್ಕರು. ನನ್ನ ಮೈಯೆಲ್ಲ ಉರಿಯಿತು.

ಮರುದಿನ ಹೊರಟೆವು. ಅವಿನಾಶಿ ದಾಟಿದ ಮೇಲೆ ಹತ್ತಿ ಮೂಟೆಯ ಲಾರಿಯೊಂದು ನಮ್ಮ ಮುಂದೆ ತೆವಳುತ್ತಿತ್ತು. ಇವರು ಬಲಕ್ಕೆ ತೆಗೆದು ಮುಂದೆ ನುಗ್ಗಿದರು. ಅಷ್ಟರಲ್ಲಿ ಎದುರಿನಿಂದ ಬಸ್ಸು! ತ್ರಾಟಲ್ ಪೂರ್ತಿ ತಿರುಗಿಸಿದರು. ಬಂಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಾನು ಹೊಟ್ಟೆ ಅಪ್ಪಿಕೊಂಡು ಕಣ್ಣು ಮುಚ್ಚಿದೆ. ಇವರು ರಸ್ತೆ ಬಿಟ್ಟು ಬಲಗಡೆಯ ಕಳ್ಳಿಬೇಲಿಗೆ ನುಗ್ಗಿಸಿದರು. ಬಸ್ಸು ನನ್ನ ಸೆರಗಿಗೆ ಗಾಳಿ ಬೀಸಿಕೊಂಡು ಹೋಯಿತು. ಮೈ ತುಂಬ ಮುಳ್ಳು. ಸ್ವಲ್ಪ ಹೊತ್ತಿನ ಮೇಲೆ ಮಗು ಒಳಗೆ ಮಿಸುಕಿತು. ಅಲ್ಲೇ ಕೂತು ಗೊಳೋ ಎಂದು ಅತ್ತೆ.

ಬಳೆ ತೊಟ್ಟು ಊರಿಗೆ ಮರಳಿದ ಮೇಲೆ ಮೆಕ್ಯಾನಿಕ್ ಏನೆಂದ ಗೊತ್ತೇ? ಹಿಂದೆ ಬಸುರಿಯ ಭಾರ, ಬಂಡಿ ಏನು ಮಾಡುತ್ತದೆ ಎಂದ. ನಾನು ಬಿಡಲಿಲ್ಲ. "ಇವನನ್ನ ಹಿಂದೆ ಕೂರಿಸಿಕೊಂಡು ಹೋಗಿ ಪೂರಾ ತಿರುಗಿಸಿ, ನೋಡೋಣ" ಎಂದು ಬಾಗಿಲಲ್ಲೇ ನಿಂತೆ. ಹೋದವರು ಬಂಡಿ ತಳ್ಳಿಕೊಂಡು ಬಂದರು.

ಆಗ ಅವನ ಬಾಯಿಂದ ನಿಜ ಹೊರಬಿತ್ತು. "ಸಾರ್ ತಾನ್ ಮೈಲೇಜ್ ಕೇಟ್ಟಾರು." ಪೆಟ್ರೋಲ್ ಉಳಿಸಲು, ಕಾರ್ಬ್ಯುರೇಟರಿನೊಳಗೆ ಪೆಟ್ರೋಲಿನ ಅಳತೆ ಹಿಡಿಯುವ ಸೂಜಿಯನ್ನು ಇಳಿಸುವಂತೆ ಯಜಮಾನರೇ ಹೇಳಿದ್ದರು! ತ್ರಾಟಲ್ ತೆರೆದಾಗ ಗಾಳಿ ನುಗ್ಗುತ್ತಿತ್ತು, ಅದಕ್ಕೆ ತಕ್ಕ ಪೆಟ್ರೋಲ್ ಸಿಗುತ್ತಿರಲಿಲ್ಲ. ಬಂಡಿ ನಿಂತಿರುವಾಗ ಎಂಜಿನ್ ಓಡುವುದಕ್ಕೆ ಬೇರೆಯೇ ಸ್ಕ್ರೂ ಇದೆಯಂತೆ. ಅವನು ಕಾಫಿ ಲೋಟ ಇಟ್ಟು ಪರೀಕ್ಷಿಸಿದ್ದು ಅದನ್ನು ಮಾತ್ರ. ಗೊತ್ತಿದ್ದೂ ಇವರು ನನ್ನನ್ನು ಹತ್ತಿಸಿಕೊಂಡರಲ್ಲ!

ಸೂಜಿ ಮೇಲೇರಿತು, ಬಂಡಿ ಓಡಿತು, ಮಗಳು ಹುಟ್ಟಿದಳು. ಇವರು ಮಾತ್ರ ಬದುಕಿರುವ ತನಕ ನೆಂಟರೆದುರು ಒಂದೇ ಕಥೆ ಹೇಳಿದರು: ಕಳ್ಳಿಬೇಲಿಗೆ ತಿರುಗಿಸಿ ಹೆಂಡತಿ ಮಗುವನ್ನು ತಾವು ಹೇಗೆ ಉಳಿಸಿದರೆಂದು. ಎಲ್ಲರೂ ತಲೆದೂಗುತ್ತಿದ್ದರು. ನನಗೆ ಈಗಲೂ ರಕ್ತ ಕುದಿಯುತ್ತದೆ. ನನ್ನ ಮಾತು ಕೇಳಿದ್ದರೆ ಯಾರೂ ಯಾರನ್ನೂ ಉಳಿಸಬೇಕಿರಲಿಲ್ಲ.