ವೆಲ್ಡರ್ ಮನೆಯ ಸಂಜೆ ಪ್ರಾರ್ಥನೆ

ವೆಲ್ಡಿಂಗ್ ಅಂಗಡಿಯ ಅಣ್ಣತಮ್ಮಂದಿರಲ್ಲಿ ಅಣ್ಣನಿಗೆ ದೇವರ ಮೇಲೆ ಭಕ್ತಿ ಇರಲಿಲ್ಲವೆಂದಲ್ಲ. ಊಟದ ಮೇಲೆ ಸ್ವಲ್ಪ ಹೆಚ್ಚಿತ್ತು, ಅಷ್ಟೆ. ಅದು ಅವನ ತಾಯಿಗೂ ಗೊತ್ತಿತ್ತು. ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಸಿ ಬಂದು ಉಳಿದ ದಿನ ದೇವರನ್ನು ಮರೆತೇಬಿಡುವ ಮನೆಗಳ ಬಗ್ಗೆ ಸಭಾಪಾಲಕರು ಒಮ್ಮೆ ಮಾತಾಡಿದ್ದರು. ಅದು ತನ್ನ ಮನೆಯ ವಿಷಯವೇ ಎಂದು ಆಕೆ ತಿಳಿದಳು. ಅದು ತಪ್ಪು ತಿಳುವಳಿಕೆಯೇನೂ ಆಗಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಸಂಜೆ ತಾಯಿ, ಇಬ್ಬರು ಗಂಡುಮಕ್ಕಳು, ಮೂವರೂ ಮೇಜಿನ ಸುತ್ತ ಕೂರಬೇಕು. ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸಬೇಕು. ಪಾತ್ರೆಯ ಮುಚ್ಚಳ ತೆಗೆಯುವುದು ಆಮೇಲೆಯೇ.

"ನಾನು ಮನಸ್ಸಲ್ಲೇ ಮಾಡ್ಕೊಂಡೆ ಅಮ್ಮ," ಎಂದು ಅಣ್ಣ ಒಮ್ಮೆ ನುಣುಚಿಕೊಳ್ಳಲು ನೋಡಿದ.

"ಹಾಗಾದ್ರೆ ಊಟನೂ ಮನಸ್ಸಲ್ಲೇ ಮಾಡ್ಕೋ."

ಅವನು ಮತ್ತೆ ಆ ದಾರಿಗೆ ಹೋಗಲಿಲ್ಲ.

ಹೀಗಿರುವಾಗ ಅಂಗಡಿಯಲ್ಲಿ ಮಾಡಿದ ಒಂದು ಗೇಟು ನಾಲ್ಕು ಬೆರಳು ಗಿಡ್ಡವಾಯಿತು. ಅಳತೆ ತೆಗೆದವನು ತಮ್ಮ, ಕತ್ತರಿಸಿದವನು ಅಣ್ಣ. ತಪ್ಪು ಯಾರದೋ, ಆ ಗೇಟಿಗೇ ಗೊತ್ತು. ಅಣ್ಣ ಮಾತ್ರ ಗಿರಾಕಿಯ ಎದುರಿಗೇ, "ಇವನಿಗೆ ಟೇಪು ಹಿಡಿಯೋಕೂ ಬರಲ್ಲ," ಎಂದುಬಿಟ್ಟ. ಅಲ್ಲಿಗೆ ಮಾತುಕತೆ ಬಂದ್. ಅಂಗಡಿಯಲ್ಲಿ ಒಬ್ಬ ಪೈಪು ಹಿಡಿಯುತ್ತಿದ್ದ, ಇನ್ನೊಬ್ಬ ಬೆಸೆಯುತ್ತಿದ್ದ, ಇಬ್ಬರೂ ತುಟಿ ಪಿಟಕ್ ಎನ್ನುತ್ತಿರಲಿಲ್ಲ.

ಆದರೆ ಸಂಜೆ ಬಾಯಿ ಬಿಡಲೇಬೇಕಲ್ಲ!

"ಕರ್ತನೇ, ಕಟಿಂಗ್ ಬ್ಲೇಡು ಎಲ್ಲೋ ಇಟ್ಟು ಹೇಳದೇ ಹೋಗೋರಿಗೆ ಒಳ್ಳೇ ಬುದ್ಧಿ ಕೊಡು," ಎಂದು ಅಣ್ಣ ಪ್ರಾರ್ಥಿಸುವನು.

"ಕರ್ತನೇ, ಬ್ಲೇಡು ಕಿಟಕಿ ಮೇಲೇ ಇದೆ. ಹುಡುಕೋರಿಗೆ ಕಣ್ಣು ಕೊಡು," ಎಂದು ತಮ್ಮ.

ತಾಯಿ ಎರಡಕ್ಕೂ ಹಾಗೇ ಆಗಲಿ ಎಂಬಂತೆ ಆಮೆನ್ ಅನ್ನುವಳು. ಅಂಗಡಿಯ ವ್ಯವಹಾರವೆಲ್ಲ ಹೀಗೆ ಪರಲೋಕ ಸುತ್ತಿಕೊಂಡು ಬರತೊಡಗಿತು. ಪ್ರಾರ್ಥನೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮಕ್ಕಳಿಬ್ಬರೂ ಇಷ್ಟು ಆಸಕ್ತಿಯಿಂದ ಮೇಜಿಗೆ ಬಂದದ್ದನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ.

ಒಂದು ಸಂಜೆ ತಮ್ಮ ಕೈಮುಗಿದು ಹೇಳಿದ: "ಕರ್ತನೇ, ಬೇರೆ ವರ್ಕ್‌ಶಾಪಲ್ಲಿ ಕೆಲಸ ಸಿಕ್ಕಿದೆ, ನಿನಗೆ ಸ್ತೋತ್ರ. ಅಲ್ಲೇ ರೂಮೂ ಕೊಡ್ತಾರಂತೆ. ನಾಳೆ ಬೆಳಿಗ್ಗೆ ಹೊರಡ್ತೀನಿ. ಅಮ್ಮನ್ನ ಚೆನ್ನಾಗಿ ನೋಡ್ಕೋ."

ತಾಯಿಯಿಂದ ಆಮೆನ್ ಬರಲಿಲ್ಲ.

ಸರದಿ ಅಣ್ಣನದು. ಅಂದು ಅವನಿಗೆ ಊಟದ ನೆನಪೇ ಬರಲಿಲ್ಲ. ಈ ತಮ್ಮನಿಗೆ ಕೆಲಸ ಕಲಿಸಿದವನು ಅವನೇ. ಮೊದಲ ದಿನ ವೆಲ್ಡಿಂಗ್ ಬೆಳಕಿಗೆ ಕಣ್ಣುರಿದು ತಮ್ಮ ಅತ್ತಾಗ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ಕೂತಿದ್ದವನೂ ಅವನೇ. ನಾಳೆ ಅಂಗಡಿಯಲ್ಲಿ ಒಬ್ಬನೇ ಇರುವುದನ್ನು ನೆನೆದು ಭಯವಾಯಿತು.

"ಕರ್ತನೇ..." ಎಂದ. ಗಾಡಿ ಮುಂದೆ ಹೋಗಲಿಲ್ಲ. "ಕರ್ತನೇ, ಹೊರಟಿರೋರಿಗೆ..." ಕಣ್ಣು ತೆರೆದು ನೇರ ತಮ್ಮನನ್ನೇ ನೋಡಿದ.

"ಲೋ, ಗಿರಾಕಿ ಮುಂದೆ ನಿನ್ನ ಹಾಗನ್ನಬಾರದಿತ್ತು. ತಪ್ಪಾಯ್ತು. ಹೋಗಬೇಡ ಕಣೋ."

ತಾಯಿ ಕಣ್ಣು ಮುಚ್ಚಿಕೊಂಡೇ ಗದರಿದಳು. "ಪ್ರಾರ್ಥನೆ ಮಾಡುವಾಗ ಲೋ, ಕಣೋ ಅಂತ ಯಾರಾದ್ರೂ ಅಂತಾರೇನೋ?"

ತಮ್ಮ ತಲೆ ಎತ್ತಲಿಲ್ಲ. ತೋಳಿಗೆ ಮೂಗು ಒರೆಸಿಕೊಂಡು, "ಆಮೆನ್," ಎಂದ.